ಹೂವಿನಂಥ ಚಪ್ಪಲಿ, ಐದು ನಕ್ಷತ್ರ

ಅಥಣಿ, ೨೧೪೮ನೇ ಇಸವಿ, ಫೆಬ್ರವರಿ ಮೂವತ್ತು
(ಆ ತಿಂಗಳಿಗೆ ನಮ್ಮಲ್ಲಿ ಈಗ ಮೂವತ್ತು ದಿನ. ಅದನ್ನೂ ಜನರ ಮತ ಕೇಳಿಯೇ ಮಾಡಿದ್ದು.)

ನೂರಾರು ವರ್ಷ ಹಿಂದೆ ಇಂಟರ್‌ನೆಟ್ಟಿನಲ್ಲಿ ಅಂಗಡಿ ತೆರೆದಿರುವ ಹಿರಿಯರಿಗೆ, ಚಪ್ಪಲಿ ಹೊಲಿಯುವ ಧೂಳಪ್ಪನ ನಮಸ್ಕಾರ.

ಮೊದಲು ಖರ್ಚು ಹೇಳಿಬಿಡುತ್ತೇನೆ. ಆರು ವರ್ಷ. ಮೂರು ಸಾವಿರದ ನೂರಾ ಹನ್ನೆರಡು ಜೊತೆ ಚಪ್ಪಲಿ. ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರ ಚಿಲ್ಲರೆ ಹೊಗಳಿಕೆಯ ಮಾತು. ಒಂದು ಕಾಲ್ಬೆರಳು. ಕೊನೆಯದು ನನ್ನದಲ್ಲ, ಅದಕ್ಕೇ ಈ ಪತ್ರ. ಕೆಲವು ಪದ ನಿಮಗೆ ಹುಚ್ಚಾಗಿ ಕಂಡರೆ ಕ್ಷಮೆಯಿರಲಿ. ಅವು ನಿಮ್ಮ ಕಾಲದ ಒಳ್ಳೆಯ ಉದ್ದೇಶಗಳಿಂದಲೇ ಹುಟ್ಟಿದವು.

ನಿಮ್ಮಲ್ಲಿ ಮೊದಮೊದಲು ವ್ಯಾಪಾರದ ವೆಬ್‌ಸೈಟಿನಲ್ಲಿ ಅಂಗಡಿಯವನೊಬ್ಬನೇ ಮಾತಾಡುತ್ತಿದ್ದನಂತೆ. ಆಮೇಲೆ ಗಿರಾಕಿಯೂ ಬರೆಯಲಿ ಎಂದು ಜಾಗ ಬಿಟ್ಟಿರಿ, ಒಳ್ಳೆಯದೇ ಆಯಿತು. ಹೊಗಳಿ ಬರೆದವರಿಗೆ ರಿಯಾಯಿತಿ ಕೊಟ್ಟಿರಿ, ಅಲ್ಲಿಂದ ಕೆಟ್ಟಿತು. ಈಗ ಅಂಗಡಿಯ ವೆಬ್‌ಸೈಟಿಗೆ 'ಕಟ್ಟೆ' ಎನ್ನುತ್ತೇವೆ. ಅಲ್ಲಿ ಅಂಗಡಿಯವನು ಬಾಯಿ ತೆರೆಯುವಂತಿಲ್ಲ. ಹೊಗಳುವವರೂ ಗಿರಾಕಿಗಳೇ, ಮಾರುವವರೂ ಅವರೇ. ಹಿಂದಿನ ಉಪ್ಪಿನ ಬಗ್ಗೆ ನಲವತ್ತು ಮಾತು ಬರೆದ ಮೇಲೇ ಹೊಸ ಉಪ್ಪಿನ ಪ್ಯಾಕೆಟ್ಟು. ಇದಕ್ಕೆ 'ಹೊಗಳುಪಾಳಿ' ಎಂದು ಹೆಸರು. ಬೆಳಿಗ್ಗೆ ಹಲ್ಲುಜ್ಜುತ್ತಲೇ ಜನ ಬ್ರಷ್ಷನ್ನು ಹೊಗಳುತ್ತಾರೆ. ಹೆಣ ಹೊತ್ತವರೂ ಚಟ್ಟಕ್ಕೆ ನಕ್ಷತ್ರ ಕೊಟ್ಟೇ ಮುಂದೆ ಹೋಗಬೇಕು. ತೆಗಳಿದವರ 'ಸವಿಬಾಯಿ' ಅಂಕ ಇಳಿಯುತ್ತದೆ. ಇಳಿದವರಿಗೆ ಯಾವ ಕಟ್ಟೆಯೂ ಸಾಮಾನು ಕೊಡುವುದಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿತ್ತು. ಹೊಸ ಜೋಡು ಒಯ್ದವರು ಎಂಟು ದಿನ ಮೆಟ್ಟಿ ಮರಳಿ ಬರುತ್ತಿದ್ದರು. ನಮ್ಮಜ್ಜ ಅವರ ಮಾತು ಕೇಳುತ್ತಿರಲಿಲ್ಲ, ಪಾದ ನೋಡುತ್ತಿದ್ದ. ಕೆಂಪಾದ ಕಡೆ ಸಡಿಲಿಸಿ ಕೊಡುತ್ತಿದ್ದ. ನಾನು ಬಲು ಜಾಣ. ಎಲ್ಲರೂ ಐದು ನಕ್ಷತ್ರ ಕೊಡುತ್ತಿರುವಾಗ ಕಂಡವರ ಪಾದ ಏಕೆ ನೋಡಲಿ ಎಂದು ಆರು ವರ್ಷದ ಹಿಂದೆ ಆ ಪದ್ಧತಿ ಬಿಟ್ಟೆ. ಹೊಲಿಯುವಾಗ ಒಳಗಿಡುವ ಎಡಗಾಲಿನ ಮರದ ಅಚ್ಚು ಸವೆದು, ಹೆಬ್ಬೆರಳು ತೂರಿಸುವ ಉಂಗುಷ್ಟ ಬಿಗಿಯಾಗುತ್ತ ಹೋದದ್ದು ತಿಳಿಯಲೇ ಇಲ್ಲ.

ಮೊನ್ನೆ ತಂಗೆವ್ವ ಕೋಲೂರಿಕೊಂಡು ಬಂದಳು. ಹಳೆಯ ಗಿರಾಕಿ, ಸಕ್ಕರೆ ಕಾಯಿಲೆಯವಳು. ಎಡಗಾಲಿಗೆ ಬ್ಯಾಂಡೇಜು.

"ಧೂಳಪ್ಪಣ್ಣಾ, ನಿನ್ನ ಚಪ್ಲಿ ಕಚ್ಚಿ ಗಾಯಾತು, ಕೀವಾತು. ಡಾಕ್ಟ್ರು ಕಾಲಿನ ಹೆಬ್ಬಟ್ಟ ಕೊಯ್ದು ತಗದ್ರು."

"ಕಟ್ಟ್ಯಾಗ ಬರೀಬಾರದೇನ್ ಬೇ?"

"ಬರದ್ರ ಅಂಕ ಇಳೀತಿತ್ತು. ಆಮ್ಯಾಲ ಗುಳಿಗಿ ಯಾರ್ ಕೊಡ್ತಿದ್ರು, ನೀನು? ಹೂವಿನಂಥಾ ಚಪ್ಲಿ ಅಂತ ಬರದೆ. ಕುಂಟಿಕೋತನ ಬರದೆ."

ಆ ಹೂವಿನ ಮಾತು ಚೆನ್ನಾಗಿದೆಯೆಂದು ಕಟ್ಟೆಯ ತಲೆಯಲ್ಲಿ ತೂಗುಹಾಕಿದವನು ನಾನೇ.

ಹಿರಿಯರೇ, ನಿಮ್ಮದು ಇನ್ನೂ ಈಗಷ್ಟೇ ಶುರುವಾಗಿದೆ. ಗಿರಾಕಿ ಬರೆಯಲಿ, ಬೈಯಲಿ, ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲಿ. ಆದರೆ ಹೊಗಳಿಕೆಗೆ ಬಹುಮಾನ ಇಡಬೇಡಿ. ವಾರಕ್ಕೊಮ್ಮೆಯಾದರೂ ಎದ್ದು ಹೋಗಿ ಯಾರದಾದರೂ ಪಾದ ನೋಡಿ.

ಯಾರಿಗೆ ಏನು ಸಿಕ್ಕಿತು ಎಂದರೆ ಇಷ್ಟು. ಕಟ್ಟೆಗಳನ್ನೆಲ್ಲ ನಡೆಸುವ ಕಂಪನಿಯವರಿಗೆ ಲಕ್ಷಗಟ್ಟಲೆ ಮಾತು, ಪುಕ್ಕಟೆ. ನನಗೆ ತಾಲೂಕಿನಲ್ಲೇ ಮೊದಲ ಸ್ಥಾನ. ತಂಗೆವ್ವನಿಗೆ ಹೊಸ ಅಚ್ಚಿನ ಮೇಲೆ ಹೊಲಿದ ಒಂದು ಜೊತೆ. ಎಡಗಾಲಿನದಕ್ಕೆ ಉಂಗುಷ್ಟ ಹಾಕಿಲ್ಲ.