ಎರಡು ಸಲ ತಿದ್ದಿದ ಜೋಡಿ

ಲೆಕ್ಕದ ಮೇಷ್ಟ್ರೇ,

ವೀಕ್ಷಣಾಲಯದಲ್ಲಿ ಎಲ್ಲರೂ ಕರೆಯುತ್ತಿದ್ದ ಹೆಸರಿನಿಂದಲೇ ಶುರು ಮಾಡಿದ್ದೇನೆ. ಬೇರೆ ಏನಾದರೂ ಬರೆಯೋಣವೆಂದರೆ, ಅರವತ್ತು ದಾಟಿದ ಮೇಲೂ ನಾಚಿಕೆ ಎಂಬುದೊಂದು ಇರುತ್ತದೆ, ನೋಡಿ.

ಮೊನ್ನೆ ಉದ್ಯಾನದ ಬೆಂಚಿನ ಮೇಲೆ ನೀವು ಕನ್ನಡಕ ಒರೆಸುತ್ತಾ, "ಇಬ್ರೂ ಒಂಟಿ. ಒಂದೇ ಮನೇಲಿ ಇದ್ಬಿಡೋಣ್ವಾ?" ಎಂದಿರಿ. ನಾನು ಮೋಡದ ಮಾತು ತೆಗೆದು ಜಾರಿಕೊಂಡೆ. ದೂರದಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಆಕಾಶದಲ್ಲಿರೋ ಜೋಡಿ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀಯ, ನಿನ್ನ ವಿಷಯ ಬಂದ್ರೆ ಬಾಯಿಗೆ ಬೀಗ ಯಾಕಮ್ಮ?"

ಅಂದಿನಿಂದ ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ನಾವಿಬ್ಬರೂ ವರ್ಷಗಟ್ಟಲೆ ಅಳೆದ ಆ ನಕ್ಷತ್ರಗಳ ಜೋಡಿ ಬರುತ್ತದೆ. ಪ್ರಬಂಧದಲ್ಲಿ ಶ್ವೇತ ಕುಬ್ಜಗಳೆಂದು ಬರೆದರೂ ನೀವು ಅವನ್ನು ಮುದುಕ ಮುದುಕಿ ಎನ್ನುತ್ತಿದ್ದಿರಿ. ಒಂದು ಕಾಲಕ್ಕೆ ಉಬ್ಬಿ ಮೆರೆದ ನಕ್ಷತ್ರಗಳು. ಹೊದಿಕೆಯನ್ನೆಲ್ಲ ಆಕಾಶಕ್ಕೆ ಚೆಲ್ಲಿ, ಉರುವಲು ತೀರಿ, ಭೂಮಿಯಷ್ಟೇ ಗಾತ್ರಕ್ಕೆ ಕುಗ್ಗಿದವು. ಒಳಗೆ ಉಳಿದ ಬಿಸಿಯೇ ಅವುಗಳ ಬೆಳಕು. ಆದರೂ ಕೆಲವೇ ನಿಮಿಷಗಳಲ್ಲಿ ಒಂದನ್ನೊಂದು ಸುತ್ತಿ ಬರುತ್ತವೆ. ಆ ಸುತ್ತಾಟ ಬಾಹ್ಯಾಕಾಶವನ್ನೇ ಅಲುಗಿಸುತ್ತದೆ. ಶಕ್ತಿ ಅಲೆಅಲೆಯಾಗಿ ಸೋರಿದಂತೆಲ್ಲ ಅವು ಹತ್ತಿರವಾಗುತ್ತವೆ. ಕನಸಿನಲ್ಲಿ ಆ ಅಲೆಗಳು ನನ್ನ ಮಂಚದ ಕೆಳಗೂ ಹಾಯುತ್ತವೆ. ನನಗೆ ಭಯವಾಗುವುದಿಲ್ಲ.

ಒಂದು ವರ್ಷ, ಅವು ದೂರ ಸರಿಯುತ್ತಿವೆ ಎಂದು ಇಬ್ಬರೂ ಮುಖ ಸಪ್ಪಗೆ ಮಾಡಿಕೊಂಡಿದ್ದೆವಲ್ಲ? ಭೂಮಿ ಸೂರ್ಯನ ಸುತ್ತ ಓಡುವುದರಿಂದ ಅವುಗಳ ಬೆಳಕು ಒಮ್ಮೆ ಬೇಗ, ಒಮ್ಮೆ ತಡವಾಗಿ ನಮಗೆ ತಲುಪುತ್ತದೆ. ಆ ವ್ಯತ್ಯಾಸವನ್ನು ನೀವೂ ತಿದ್ದಿದ್ದಿರಿ, ನಿಮಗೇಕೆ ತೊಂದರೆಯೆಂದು ನಾನೂ ತಿದ್ದಿದ್ದೆ. ಒಂದನ್ನೇ ಎರಡು ಸಲ ತಿದ್ದಿ ಲೆಕ್ಕವೇ ತಿರುವುಮುರುವಾಗಿತ್ತು. ಒಬ್ಬರನ್ನೊಬ್ಬರು ಕೇಳಿದ್ದರೆ ಮುಗಿಯುತ್ತಿತ್ತು. ಅತಿ ಮರ್ಯಾದೆಯವರ ಹಣೆಬರಹ ಇಷ್ಟೇ. ಒಂದು ತಿದ್ದುಪಡಿ ತೆಗೆದ ದಿನ, ಅವು ಹತ್ತಿರವಾಗುತ್ತಲೇ ಇದ್ದುದು ಕಂಡಿತು. ನೀವು ಸಿಳ್ಳೆ ಹಾಕಿದಿರಿ.

ಈ ಸಲ ನೀವು ಬಾಯಿಬಿಟ್ಟು ಕೇಳಿದ್ದೀರಿ. ನನಗಿದ್ದದ್ದು ಒಂದೇ ಅಳುಕು, ನನ್ನವರು ಹೋದ ಮೇಲೆ ನನ್ನಲ್ಲಿ ಯಾರಿಗೂ ಕೊಡುವಂಥದ್ದು ಉಳಿದಿಲ್ಲವೆಂದು. ಆದರೆ ಅಂಥ ಎರಡು ನಕ್ಷತ್ರಗಳು ಕೂಡಿದಾಗ ಕೆಲವು ಸಲ ಹೊಸದಾಗಿ ಹೊತ್ತಿಕೊಳ್ಳುತ್ತವೆ ಎಂದು ನೀವೇ ಲೆಕ್ಕ ಹಾಕಿ ತೋರಿಸಿದ್ದಿರಿ. ಅವುಗಳಿಗೆ ಲಕ್ಷಾಂತರ ವರ್ಷಗಳ ಬಿಡುವಿದೆ. ನಮಗಿಲ್ಲ. ಹೂಂ, ಇರೋಣ. ಕಿಟಕಿ ಇರುವ ಕೋಣೆಯಿಂದ ಹೊಲಿಗೆ ಯಂತ್ರ ಎತ್ತಿಸಿದ್ದೇನೆ. ಭಾನುವಾರ ಪೆಟ್ಟಿಗೆ ಸಮೇತ ಬಂದುಬಿಡಿ.

ನಿಮ್ಮ ಮೊಣಕಾಲು ಗಟ್ಟಿಯಾಗಿರಲಿ. ನಮ್ಮ ಮನೆ ಮೂರನೇ ಮಹಡಿ.

ಇನ್ನು ಬರೀ ಸಹೋದ್ಯೋಗಿಯಲ್ಲದ,
ನಿಮ್ಮವಳು