ಅಪ್ಪನ ನಿವೃತ್ತಿ ಉಳಿತಾಯದ ಅರ್ಜಿ

ಪ್ರೀತಿಯ ಅಪ್ಪನಿಗೆ,

ಬೆಳಿಗ್ಗೆ ನಿಮ್ಮ ನಿವೃತ್ತಿ ಉಳಿತಾಯದ ಅರ್ಜಿ ಮೇಜಿನ ಮೇಲಿತ್ತು. ಉಳಿದೆಡೆ ಅವಸರದ ಅಕ್ಷರ. ‘ಹಣ ತೆಗೆಯಲು ಕಾರಣ’ ಎಂಬಲ್ಲಿ ಮಾತ್ರ ದುಂಡಗೆ ಬರೆದಿದ್ದೀರಿ: ‘ದೊಡ್ಡ ಮಗಳ ಔಷಧಿ ಅಂಗಡಿ’. ನನ್ನ ಬಗ್ಗೆ ನೀವು ಅಷ್ಟು ಮುತುವರ್ಜಿಯಿಂದ ಬರೆದದ್ದನ್ನು ನಾನು ಕಂಡಿಲ್ಲ.

ಭಾನುವಾರ ಅಕ್ಕ ಅಂಗಡಿಯ ನಕ್ಷೆ ಹರಡಿದಾಗ ನಾನು ಬಾಯಿ ತೆರೆದೆ. “ಕಥೆ ಓದೋಳಿಗೆ ಇದೆಲ್ಲ ಯಾಕೇ? ಹೋಗಿ ನೀರು ತಗೊಂಡು ಬಾ” ಅಂದಳು. ನೀವೂ ನಕ್ಕಿರಿ. ನಾನು ನೀರು ತಂದಿಟ್ಟೆ.

ಹೇಳಬೇಕಿದ್ದುದು ಇಷ್ಟೇ. ಆ ಖಾತೆಗೆ ಹಾಕಿದ ಹಣದ ತೆರಿಗೆ ಮನ್ನಾ ಆಗಿಲ್ಲ, ಹಣ ತೆಗೆಯುವ ದಿನಕ್ಕೆ ಮುಂದೂಡಿದ್ದಾರೆ ಅಷ್ಟೇ. ಈಗಲೇ ಎಲ್ಲವನ್ನೂ ತೆಗೆದರೆ ಈ ವರ್ಷದ ಸಂಬಳದ ಜೊತೆ ಸೇರಿಸಿ ತೆರಿಗೆ ಹಿಡಿಯುತ್ತಾರೆ, ಮೇಲೆ ದಂಡ ಬೇರೆ. ಮೂರರಲ್ಲೊಂದು ಪಾಲು ಹೋಗುತ್ತದೆ. ಏಳು ತಿಂಗಳು ಕಳೆದು ನಿವೃತ್ತಿಯಾದ ಮೇಲೆ ಸ್ವಲ್ಪಸ್ವಲ್ಪವೇ ತೆಗೆದರೆ ದಂಡವಿಲ್ಲ, ತೆರಿಗೆಯೂ ಕಡಿಮೆ. ನಿಯಮದ ಪುಸ್ತಕವನ್ನು ಎರಡು ಸಲ ಓದಿದ್ದೇನೆ.

ಇದು ಗೊತ್ತಿದ್ದೂ ನಾಲ್ಕು ದಿನ ಹೇಳಲಿಲ್ಲ. ನಿಮ್ಮ ದುಡ್ಡು ಹೋದರೂ ಸರಿ, ಅವಳ ಅಂಗಡಿ ಅರ್ಧಕ್ಕೆ ನಿಲ್ಲಲಿ ಅನ್ನಿಸಿತ್ತು. ಹೊಟ್ಟೆಕಿಚ್ಚು ಅಪ್ಪ, ಅದಕ್ಕೆ ಬೇರೆ ಹೆಸರಿಲ್ಲ. ಎದುರಿಗೆ ಹೇಳಲಾರದೆ ಬರೆಯುತ್ತಿದ್ದೇನೆ.

ದಯವಿಟ್ಟು ನಾಳೆ ಆ ಅರ್ಜಿಗೆ ಸಹಿ ಹಾಕಬೇಡಿ. ಅಂಗಡಿಯ ಮುಂಗಡಕ್ಕೆ ನನ್ನ ಮೂರು ವರ್ಷದ ಉಳಿತಾಯ ಸಾಕು. ಇಂದು ಊಟದ ಬಿಡುವಿನಲ್ಲಿ ಅದನ್ನು ನಿಮ್ಮ ಖಾತೆಗೆ ಹಾಕುತ್ತೇನೆ. ಅಕ್ಕನಿಗೆ ನೀವೇ ಕೊಡಿ. ಆದರೆ ಅದು ಯಾರ ದುಡ್ಡೆಂದು ಹೇಳುವಾಗ ನಾನೂ ಅಲ್ಲೇ ಇರುತ್ತೇನೆ.

ನಿಮ್ಮ
ಚಿಕ್ಕವಳು