ಮಸಿ ಬಳಿದ ಕಡತಕ್ಕೆ ‘ಬಿಡುಗಡೆ’ ಎನ್ನುವುದಾದರೆ

ರಾಜ್ಯದ ಅಟಾರ್ನಿ ಜನರಲ್ ಅವರಿಗೆ,

ಮಾನ್ಯರೇ,

ನನ್ನ ತಮ್ಮ ಡ್ವೇನ್‌ನ ಕೊಲೆಯ ತನಿಖಾ ಕಡತವನ್ನು ಬಿಡುಗಡೆ ಮಾಡಿರುವುದಾಗಿ ನಿಮ್ಮ ಕಚೇರಿ ಹೇಳಿಕೊಳ್ಳುತ್ತಿದೆ. ನೀವು ಬಿಡುಗಡೆ ಮಾಡಿದ್ದು ಮಸಿಯನ್ನು. ಮೊದಲ ಪುಟದಲ್ಲಿ ಅವನ ಹೆಸರು, ನಮ್ಮ ವೆಲ್ಡನ್ ಕ್ರಾಸಿಂಗ್ ಊರಿನ ಹೆಸರು ಬಿಟ್ಟರೆ ಉಳಿದ ಪುಟಗಳೆಲ್ಲ ಕಪ್ಪು ಪಟ್ಟಿ. ಆದರೂ, ‘ಮೇ ತಿಂಗಳೊಳಗೆ ಕಡತ ಬಿಡುಗಡೆಯಾಗುತ್ತದೆಯೇ?’ ಎಂದು, ಮುಂದೆ ಆಗುವುದರ ಮೇಲೆ ಜಾಲತಾಣದಲ್ಲಿ ಹಣ ಹೂಡುವ ಊಹೆಯ ಮಾರುಕಟ್ಟೆಯಲ್ಲಿ ಬಾಜಿ ಕಟ್ಟಿ ‘ಹೌದು’ ಎಂದವರಿಗೆಲ್ಲ ಗೆದ್ದ ಹಣ ಸಂದಾಯವಾಗಿದೆ. ಒಂದು ಪುಟ ಹೊರಬಂದರೂ ಬಿಡುಗಡೆಯೇ ಎಂಬುದು ಅಲ್ಲಿನ ನಿಯಮವಂತೆ. ಬಾಜಿಕಟ್ಟೆಯ ನಿಯಮವೇ ನಿಮ್ಮ ಕಚೇರಿಯ ನಿಯಮವೂ ಆದದ್ದು ಎಂದಿನಿಂದ?

ನೆನಪಿಸಬೇಕಾದ್ದು ನನ್ನ ಪಾಲಿಗೆ ಬಂದಿರುವುದರಿಂದ ನೆನಪಿಸುತ್ತೇನೆ. ೧೯೮೩ರ ಸುಗ್ಗಿಯ ಕಾಲ. ಡ್ವೇನ್ ನಮ್ಮ ಸಹಕಾರಿ ಸಂಘದ ಧಾನ್ಯದ ಗೋದಾಮಿಗೆ ಕಾವಲುಗಾರನಾಗಿದ್ದ. ಕಳ್ಳರು ಬಂದರು; ಬೆಳಿಗ್ಗೆ ಅವನು ಶವವಾಗಿ ಸಿಕ್ಕಿದ. ಗೋದಾಮಿನ ಬಾಗಿಲು ತೆರೆದೇ ಇತ್ತು, ಬೀಗ ಒಡೆದಿರಲಿಲ್ಲ. ಅಂದಿನಿಂದ ನಮ್ಮೂರಿಗೆ ಒಂದೇ ಪ್ರಶ್ನೆ: ಡ್ವೇನ್ ತಾನಾಗಿ ಬಾಗಿಲು ತೆಗೆದು ಕಳ್ಳರ ಜೊತೆ ಸೇರಿಕೊಂಡನೇ, ಅಥವಾ ಅವನನ್ನು ಕೊಂದು ಕೀಲಿ ಕಿತ್ತುಕೊಂಡರೇ? ಸಿಕ್ಕಿಬಿದ್ದ ಒಬ್ಬನೇ ಒಬ್ಬ ಕಳ್ಳ ಪೊಲೀಸರೆದುರು ಎಲ್ಲವನ್ನೂ ಹೇಳಿ, ವಿಚಾರಣೆಗೆ ಮೊದಲೇ ಜೈಲಿನಲ್ಲಿ ಸತ್ತ. ಆ ಹೇಳಿಕೆ ನಿಮ್ಮ ಕಡತದಲ್ಲಿದೆ. ಅದರ ಮೇಲೆ ಈಗ ನಿಮ್ಮ ಮಸಿ ಇದೆ.

ನಿಮಗಿಂತ ಹಿಂದೆ ಆ ಕುರ್ಚಿಯಲ್ಲಿ ಕೂತವರು ಯಾರನ್ನೂ ನಾನು ಮರೆತಿಲ್ಲ. ಒಬ್ಬರು ‘ತನಿಖೆ ಜಾರಿಯಲ್ಲಿದೆ’ ಎಂದರು. ಶಂಕಿತರೆಲ್ಲ ಆಗಲೇ ಸ್ಮಶಾನ ಸೇರಿದ್ದರು. ಇನ್ನೊಬ್ಬರು, ನೆಲಮಾಳಿಗೆಗೆ ಪ್ರವಾಹ ನುಗ್ಗಿ ಕಡತ ತೊಯ್ದಿದೆ ಎಂದರು; ನಿಮ್ಮ ಕಚೇರಿ ಇರುವುದು ಗುಡ್ಡದ ನೆತ್ತಿಯಲ್ಲಿ. ನಾನು ಶಾಲೆಯಲ್ಲಿ ಪೌರನೀತಿ ಕಲಿಸಿದವಳು. ಪ್ರಜೆ ಕೇಳಿದರೆ ಸರ್ಕಾರ ಉತ್ತರಿಸುತ್ತದೆ ಎಂದು ಮಕ್ಕಳಿಗೆ ಪಾಠ ಹೇಳಿ ಸಂಬಳ ಪಡೆದಿದ್ದೇನೆ. ಆ ಸಂಬಳವನ್ನು ಹಿಂತಿರುಗಿಸಬೇಕೇನೋ.

ಆಮೇಲೆ ತಾವು ಬಂದಿರಿ. ನಮ್ಮ ಶಾಲೆಯ ಆಟದ ಸಭಾಂಗಣದಲ್ಲಿ ಈ ಹುದ್ದೆಯ ಚುನಾವಣೆಗೆ ಭಾಷಣ ಮಾಡಿ, ನನ್ನ ತಾಯಿ ಇರ್ಮಾ ಅವರ ಕೈ ಹಿಡಿದು, ‘ಮೇ ತಿಂಗಳೊಳಗೆ’ ಎಂದು ಮಾತು ಕೊಟ್ಟಿರಿ. ಫೋಟೊ ಕರಪತ್ರದಲ್ಲಿ ಬಂತು. ಆ ಮಾತಿನ ಮೇಲೆ ದೇಶದ ಯಾವ ಮೂಲೆಯವರೋ ಬಾಜಿ ತೆರೆದರು. ನಿಮ್ಮ ಕಚೇರಿ ಫೋನ್ ಎತ್ತದ ಕಾರಣ, ಊರಿಗೆ ಊರೇ, ‘ಹೌದು’ ಆಗುವ ಸಾಧ್ಯತೆ ನೂರಕ್ಕೆ ಎಷ್ಟು ಎಂಬ ಬಾಜಿಯ ದರವನ್ನೇ ಸುದ್ದಿ ಎಂದು ಓದತೊಡಗಿತು. ಪಕ್ಕದ ಮನೆಯ ಮರ್ಲಿನ್ ಹೋಟೆಲಿನಲ್ಲಿ ನಮ್ಮ ಮೇಜಿಗೇ ಬಂದು ಕೂತ.

“ಇವತ್ತು ನೂರಕ್ಕೆ ನಲವತ್ತು, ಇರ್ಮಮ್ಮ. ಏರ್ತಾ ಇದೆ.”

“ನೀನೆಷ್ಟು ಕಟ್ಟಿದೀಯಪ್ಪ?”

ಅವನ ಕಿವಿ ಕೆಂಪಾಯಿತು. “ಸ್ವಲ್ಪ... ಆದ್ರೆ ಬರುತ್ತೆ ಅಂತಲೇ ಕಟ್ಟಿರೋದು. ನಿಮ್ಮ ಪರವಾಗೇ!”

“ನನ್ನ ಮಗನ ಮೇಲೆ ಬೆಟ್ಟಿಂಗ್ ಕಟ್ಟಿದ ಮೇಲೆ ಕಾಫಿ ದುಡ್ಡೂ ನೀನೇ ಕೊಡು.”

ಮೇ ಕೊನೆಯ ವಾರ ಒಂದು ಬೆಳಿಗ್ಗೆ ದರ ಒಮ್ಮೆಲೇ ತೊಂಬತ್ತು ದಾಟಿತು. ‘ನಾಳೆ ಕಡತ ಬಿಡುಗಡೆ’ ಎಂಬ ನಿಮ್ಮ ಪ್ರಕಟಣೆ ಬಂದದ್ದು ಮಧ್ಯಾಹ್ನ. ತಾಯಿಗೆ ತಿಳಿಸದ ವಿಷಯ ಬಾಜಿಗಾರರಿಗೆ ಊಟಕ್ಕೆ ಮೊದಲೇ ಹೇಗೆ ತಿಳಿಯಿತು? ನಿಮ್ಮ ಮೊಗಸಾಲೆಯಲ್ಲಿ ಅಂದು ಯಾರ ಅದೃಷ್ಟ ಖುಲಾಯಿಸಿತು? ಇದನ್ನು ತನಿಖೆ ಮಾಡಬೇಕಾದವರೂ ತಾವೇ ಎಂಬುದು ನಮ್ಮ ದುರದೃಷ್ಟ.

ಅಂದು ಸಂಜೆ ನಮ್ಮ ಮನೆಯಲ್ಲಿ ನಡೆದದ್ದು ನಿಮಗೆ ತಿಳಿಯಬೇಕು. ಸಾವಿನ ಮನೆಗೆ ಊರಿನ ಹೆಂಗಸರು ಬೇಯಿಸಿದ ಅಡುಗೆಯನ್ನು ಗಾಜಿನ ಪಾತ್ರೆಯಲ್ಲಿ ಮುಚ್ಚಿ ತರುವುದು, ಪಾತ್ರೆಯ ತಳಕ್ಕೆ ತಮ್ಮ ಹೆಸರಿನ ಚೀಟಿ ಅಂಟಿಸಿರುವುದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ದುಃಖ ಒಂದು ನಿಲುಗಡೆಗೆ ಬಂದ ಮೇಲೆ ಮನೆಯವರೇ ಪಾತ್ರೆ ತೊಳೆದು ಕೊಂಡೊಯ್ದು, ಒಂದು ಲೋಟ ಕಾಫಿ ಕುಡಿದು ಬರುತ್ತಾರೆ. ಡ್ವೇನ್ ಸತ್ತಾಗ ನಮ್ಮ ಮನೆಗೆ ಒಂದೂ ಪಾತ್ರೆ ಬರಲಿಲ್ಲ. ಕಳ್ಳರಿಗೆ ಬಾಗಿಲು ತೆಗೆದವನ ಮನೆಗೆ ಯಾರು ತರುತ್ತಾರೆ? ಅಂದಿನಿಂದ ಅಮ್ಮ ಚರ್ಚಿನಲ್ಲಿ ಕೂರುವುದು ಕೊನೆಯ ಬೆಂಚಿನಲ್ಲಿ.

ದರ ತೊಂಬತ್ತು ದಾಟಿದ ಸಂಜೆ ಪಾತ್ರೆಗಳು ಬಂದವು. ಕಡತ ಬರುತ್ತದೆ ಎಂದರೆ ಡ್ವೇನ್ ನಿರಪರಾಧಿ ಎಂದೇ ಅರ್ಥ ಎಂದು ಅವರೆಲ್ಲ ತಿಳಿದುಬಿಟ್ಟಿದ್ದರು. ಅಮ್ಮನ ಹಳೆಯ ಗೆಳತಿ ಲವೆರ್ನ್ ಆಲೂಗಡ್ಡೆಯ ಪಾತ್ರೆ ಹಿಡಿದು ಮೆಟ್ಟಿಲ ಮೇಲೇ ನಿಂತಳು.

“ಆಗ್ಲೇ ತರಬೇಕಿತ್ತು, ಇರ್ಮಾ. ತರ್ಲಿಲ್ಲ.”

“ಒಳಗೆ ಬಾರೇ,” ಎಂದರು ಅಮ್ಮ. “ಆರಿ ಹೋಗುತ್ತೆ.”

ಮಾರನೆಯ ದಿನ ನಿಮ್ಮ ಕಪ್ಪು ಪುಟಗಳು ಬಂದವು. ಗೆದ್ದವರು ಹಣ ಎಣಿಸಿಕೊಂಡರು. ಹೋಟೆಲಿನಲ್ಲಿ ಮಾತು ತಿರುಗಿತು: “ಅಷ್ಟೊಂದು ಮುಚ್ಚಿದಾರೆ ಅಂದ್ರೆ ಒಳಗೆ ಏನೋ ಇದೆ ಬಿಡು.” ಈಗ ಹೊಸ ಬಾಜಿಯೂ ತೆರೆದಿದೆ: ‘ಬಾಗಿಲು ತೆಗೆದದ್ದು ಡ್ವೇನ್‌ನೇ?’ ನಿಮ್ಮ ವಕ್ತಾರರು ಮಾತ್ರ ‘ಕೊಟ್ಟ ಮಾತು ಉಳಿಸಿಕೊಂಡಿದ್ದೇವೆ’ ಎನ್ನುತ್ತಾರೆ. ಬಿಡುಗಡೆಯಾಗದ ಕಡತವನ್ನಾದರೂ ಕೇಳಬಹುದಿತ್ತು. ಬಿಡುಗಡೆಯಾದ ಕಡತವನ್ನು ಯಾರಲ್ಲಿ ಹೋಗಿ ಕೇಳುವುದು?

ತೊಳೆದ ಪಾತ್ರೆಗಳು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹಾಗೇ ಕೂತಿವೆ. ನಾನೇ ಕೊಟ್ಟು ಬರುತ್ತೇನೆ ಎಂದೆ. ಅಮ್ಮ ಬಿಡಲಿಲ್ಲ.

“ಕೊಡೋಕೆ ಹೋದ್ರೆ, ಏನಾಯ್ತು ಅಂತ ಕೇಳ್ತಾರೆ. ಏನಂತ ಹೇಳ್ಲಿ? ಅವನೇ ಬಾಗಿಲು ತೆಗೆದಿದ್ರೆ ತೆಗೆದ ಅಂತಲೇ ಸರ್ಕಾರದವ್ರು ಹೇಳ್ಲಿ ಬಿಡೇ. ಹಾಗಂತ ಹೇಳಿ ಪಾತ್ರೆ ಕೊಟ್ಟು ಬರೋಷ್ಟು ಧೈರ್ಯ ನನಗಿದೆ. ಗೊತ್ತಿಲ್ಲ ಅಂತ ಹೇಳಿ ಬರೋಕಾಗಲ್ಲ.”

ಆದ್ದರಿಂದ ನಮ್ಮ ಬೇಡಿಕೆ ಇಷ್ಟೆ. ಬದುಕಿರುವವರ ಹೆಸರುಗಳನ್ನು ಮುಚ್ಚಿಕೊಳ್ಳಿ. ನಿಮ್ಮ ಇಲಾಖೆಯ ಎಡವಟ್ಟುಗಳಿದ್ದರೆ ಅವನ್ನೂ ಮುಚ್ಚಿಕೊಳ್ಳಿ, ಅದು ನಿಮಗೆ ರೂಢಿಯಿದೆ. ಸತ್ತ ಕಳ್ಳನ ಹೇಳಿಕೆಯಲ್ಲಿ ಬಾಗಿಲಿನ ಬಗ್ಗೆ ಇರುವ ಸಾಲುಗಳ ಮೇಲಿನ ಮಸಿ ಮಾತ್ರ ತೆಗೆಯಿರಿ. ತೆಗೆದು ಜಾಲತಾಣಕ್ಕೆ ಹಾಕುವ ಮೊದಲು, ಮಾರುಕಟ್ಟೆಗೆ ವಾಸನೆ ಬಡಿಯುವ ಮೊದಲು, ಅಂದು ಯಾರ ಕೈ ಹಿಡಿದು ಫೋಟೊ ತೆಗೆಸಿಕೊಂಡಿರೋ ಅವರಿಗೆ ಫೋನ್ ಮಾಡಿ ಓದಿ ಹೇಳಿ. ಅಮ್ಮನಿಗೆ ಎಂಬತ್ತೊಂಬತ್ತು, ಕಿವಿ ಚೆನ್ನಾಗಿ ಕೇಳುತ್ತದೆ. ಅವರು ಏಳೆಂಟು ಮನೆಗಳಿಗೆ ನಡೆದು ಹೋಗಿ ಬರಬೇಕಾಗಿದೆ.

ಇಂತಿ,
ಮಾರುಕಟ್ಟೆಯ ಪ್ರಕಾರ ಎಲ್ಲವೂ ಇತ್ಯರ್ಥವಾಗಿರುವ ಮನೆಯಿಂದ,
ರೋಬರ್ಟಾ ಶ್ರೋಡರ್
ನಿವೃತ್ತ ಪೌರನೀತಿ ಶಿಕ್ಷಕಿ, ವೆಲ್ಡನ್ ಕ್ರಾಸಿಂಗ್